ಬಡಿಸುವ ಕೈ

ನಾವುಂದದ ಅಣ್ಣಯ್ಯನವರಿಗೆ ಮಧ್ಯಾಹ್ನದ ಜೋಂಪಿನಲ್ಲಿ ಒಂದೇ ಕನಸು. ಮುಂಬಯಿಯಲ್ಲಿ ಅವರು ಬದುಕಿಡೀ ದೋಸೆ ಹೊಯ್ದ ಹೋಟೆಲು ಊರಿನ ಕಡಲ ದಂಡೆಗೆ ಬಂದು ನಿಂತಿರುತ್ತಿತ್ತು. ಗಿರಾಕಿಗಳು ನೀರಿಗೆ ಕಾಲು ಇಳಿಬಿಟ್ಟು ಕೂತಿರುವರು; ಕಾವಲಿಯ ಹೊಗೆ ಮೆಲ್ಲಗೆ ದೋಣಿಗಳತ್ತ ತೇಲುವುದು. ಅವರ ಬಲಗೈ ಹಿಟ್ಟನ್ನು ಸುತ್ತುತ್ತಾ ಸುತ್ತುತ್ತಾ ಹೋಗುವುದು, ದೋಸೆ ಮುಗಿಯುವುದೇ ಇಲ್ಲ. ಎಚ್ಚರವಾದಾಗ ಅದೇ ಕೈ ಚಾಪೆಯ ಮೇಲೆ ಯಾರೋ ಮರೆತು ಹೋದ ವಸ್ತುವಿನಂತೆ ಬಿದ್ದಿರುತ್ತಿತ್ತು.

ಹೋಟೆಲು ಬಿಟ್ಟು ಊರಿಗೆ ಮರಳಿದ ವರ್ಷವೇ, ೨೦೦೯ರಲ್ಲಿ, ಪಾರ್ಶ್ವವಾಯು ಬಡಿದಿತ್ತು. ಮಾತು ಮರಳಿತು, ಕಾಲೆಳೆದುಕೊಂಡು ನಡೆಯುವಷ್ಟಾಯಿತು. ಬಲಗೈ ಮಾತ್ರ ಏಳಲಿಲ್ಲ. ಹೆಂಡತಿ ವನಜ ಗಂಜಿ ತಿನ್ನಿಸುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಒಂದು ದಿನ ಪಕ್ಕದ ಮನೆಯ ಜಲಜ ಬಂದು ಹೇಳಿದಳು: “ಕುಂಭಾಶಿಯಗೆ ಚೇತನಾ ಅಂತ ಒಬ್ರ್ ಇದ್ರ್. ನಮ್ಮ ಮೊಮ್ಮಗಳಿಗೆ ಚಮ್ಚ ಹಿಡುಕೆ ಅವ್ರೇ ಕಲ್ಸದ್ದ್. ಆಕ್ಯುಪೇಷನಲ್ ಥೆರಪಿಸ್ಟ್ ಅಂಬ್ರ್. ಕೆಲ್ಸ ಕಲ್ಸು ಡಾಕ್ಟ್ರ್ ಇದ್ದಂಗೆ.”

“ಈ ಪ್ರಾಯದಗೆ ನಂಗೆ ಎಂತ ಕೆಲ್ಸ ಕಲ್ಸ್ತ್ರ್ ಮಾರಾಯ್ತಿ?” ಎಂದರು ಅಣ್ಣಯ್ಯ. ಆದರೂ ವನಜ ಬಸ್ಸು ಹತ್ತಿಸಿದಳು.

ಚೇತನಾ ಮೊದಲು ಕೈ ಮುಟ್ಟಲೇ ಇಲ್ಲ. ಎದುರು ಕೂತು ಮಾತಾಡಿದಳು. “ನೆಡೂದ್, ನಿಲ್ಲೂದ್ ಫಿಜಿಯೋದವ್ರ್ ನೋಡ್ಕಂತ್ರ್. ಉಂಬುದ್, ಮೀವುದ್, ಅಂಗಿ ಹಾಕುದ್, ನಿಮ್ಗೆ ಪ್ರೀತಿ ಇಪ್ಪು ಕೆಲ್ಸ ಮಾಡುದ್, ಅದೆಲ್ಲ ನನ್ ಪಾಲಿಂದ್. ಹೇಳಿ, ನಿಮ್ಗೆ ಎಂತ ಮಾಡುಕ್ ಆಯ್ಕ್? ಕೈಯಾರೆ ಉಣ್ಣುಕಾ?”

ಅಣ್ಣಯ್ಯ ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರು. “ಉಂಬುದ್ ಹ್ಯಾಂಗಾರೂ ಆತ್ತ್,” ಎಂದರು. “ಬಡ್ಸುಕ್ ಆಯ್ಕ್.”

ಅಲ್ಲಿಂದ ಕೆಲಸ ಶುರುವಾಯಿತು. ಎಡಗೈಯನ್ನು ಬಲಗೈಯ ಮೇಲಿಟ್ಟು ಬೈರಾಸು ಬಟ್ಟೆಯಿಂದ ಮೇಜು ಒರೆಸುವುದು, ಒದ್ದೆ ಬಟ್ಟೆ ಹಿಂಡುವುದು. ಅಂಗಿ ತೊಡುವಾಗ ನಿತ್ರಾಣದ ಕೈಗೇ ಮೊದಲು ತೋಳು ಏರಿಸಬೇಕು ಎಂಬ ಉಪಾಯವನ್ನೂ ಚೇತನಾ ತೋರಿಸಿದಳು. ಮನೆಗೆ ಬಂದು ಅಡುಗೆಮನೆ ನೋಡಿ, ಒಲೆಯ ಬಳಿ ಕುರ್ಚಿ ಹಾಕಿಸಿದಳು. ಸೌಟಿನ ಹಿಡಿಗೆ ದಪ್ಪಗೆ ಬಟ್ಟೆ ಸುತ್ತಿ, ಪಾತ್ರೆ ಜಾರದಂತೆ ಅದರಡಿಗೆ ಒದ್ದೆ ಅರಿವೆ ಹಾಸಿದಳು.

ಮಳೆಗಾಲ ಕಳೆಯಿತು. ಹೆಗಲು ಪೂರ್ತಿ ಏಳಲಿಲ್ಲ, ಏಳಲಿಕ್ಕಿಲ್ಲವೆಂದು ಚೇತನಾ ಮುಚ್ಚುಮರೆಯಿಲ್ಲದೆ ಹೇಳಿದ್ದಳು. ಬೆರಳುಗಳು ಮಾತ್ರ ನಿಧಾನಕ್ಕೆ, ನಿದ್ದೆಯಿಂದ ಏಳುವ ಮಕ್ಕಳಂತೆ, ಒಂದೊಂದಾಗಿ ಮಡಚಿಕೊಳ್ಳತೊಡಗಿದವು.

ಒಂದು ಬೆಳಿಗ್ಗೆ ಅಣ್ಣಯ್ಯ ಕುರ್ಚಿಯಲ್ಲಿ ಕೂತು, ಎಡಗೈಯ ಆಸರೆಯಲ್ಲಿ ಸೌಟು ಹಿಡಿದು, ಕಾವಲಿಗೆ ಹಿಟ್ಟು ಹೊಯ್ದರು. ದೋಸೆ ಒಂದು ಕಡೆ ದಪ್ಪ, ಒಂದು ಕಡೆ ಹರಿದ ಕೊಡೆಯ ಹಾಗೆ. ಅದನ್ನು ಮಗುಚಿ, ತಟ್ಟೆಗೆ ಹಾಕಿ, “ಕೂಕೊ,” ಎಂದರು ಹೆಂಡತಿಗೆ.

ವನಜ ನೆಲಕ್ಕೆ ಕೂತು ತುಂಡು ಮುರಿದಳು. ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದ ಗಂಡನನ್ನು ಅವಳೆಂದೂ ಒಲೆಯ ಹತ್ತಿರ ಬಿಟ್ಟವಳಲ್ಲ.

“ನಿಮ್ ಕೈಯ್ಯಗಿನ ದೋಸಿ ತಿಂಬುದ್ ಇದೇ ಮೊದ್ಲ್,” ಎಂದಳು.

ಅಣ್ಣಯ್ಯ ಕಾವಲಿಗೆ ನೀರು ಚಿಮುಕಿಸಿದರು. ಅವಳು ಏಳಲು ಹೋದಾಗ, “ಕೂಕೊ, ಇನ್ನೊಂದ್ ಇತ್ತ್,” ಎಂದು ತಡೆದರು.