ಚಿತ್ರದ ಹಿಂಬದಿ

ಐವತ್ತರ ದಶಕದಲ್ಲಿ ಮುಂಬಯಿಯ ಆಂಟಾಪ್ ಹಿಲ್‌ನ ಚಾಳಿನಲ್ಲಿದ್ದ ನಮ್ಮ ಒಂದು ಕೋಣೆಯ ಮನೆಯಲ್ಲಿ ಪ್ರತಿ ಭಾನುವಾರ ಕ್ಯಾಮೆರಾ ಹುಚ್ಚಿನ ನಾಲ್ವರು ಸೇರುತ್ತಿದ್ದೆವು. ಒಬ್ಬ ತನ್ನ ಕ್ಯಾಮೆರಾವನ್ನು ಟವೆಲ್ಲಿನಲ್ಲಿ ಸುತ್ತಿ, ಹಸುಗೂಸಿನಂತೆ ಎದೆಗವಚಿಕೊಂಡು ಬೊರಿವಲಿಯಿಂದ ಲೋಕಲ್‌ನಲ್ಲಿ ಬರುತ್ತಿದ್ದ. ತೆಗೆದ ಚಿತ್ರದ ಹಿಂದೆ ಲೆನ್ಸ್ ಎಷ್ಟು ತೆರೆದಿತ್ತು, ಶಟರಿನ ವೇಗ ಎಷ್ಟಿತ್ತು ಎಂದು ಪೆನ್ಸಿಲಿನಲ್ಲಿ ಬರೆದು ತರಬೇಕೆಂಬುದು ನಮ್ಮ ನಿಯಮ. ಬರಬರುತ್ತಾ ಹಿಂಬದಿಯನ್ನಷ್ಟೇ ಓದಿ, ಮುಂಬದಿ ನೋಡುವುದನ್ನೇ ಬಿಟ್ಟೆವು. ವಾದಕ್ಕೆ ಅಷ್ಟು ಸಾಕಾಗುತ್ತಿತ್ತು.

ಒಮ್ಮೆ, ಅಪ್ಪ ಮನೆ ಮುಂದಿನ ಗ್ಯಾಲರಿಯಲ್ಲಿ ಕುಳಿತು ಗಡ್ಡ ಹೆರೆದುಕೊಳ್ಳುತ್ತಿದ್ದ ಚಿತ್ರವನ್ನು ನಾನು ಕೊಟ್ಟೆ. ನಮ್ಮಲ್ಲಿ ಹಿರಿಯರಾದ ಧಾರವಾಡದ ಬ್ಯಾಂಕ್ ಗುಮಾಸ್ತರು ಹಿಂಬದಿ ಓದಿ ಮುಖ ಸಿಂಡರಿಸಿದರು.

"ಲೆನ್ಸ್ ಎಂಟಕ್ಕ ಇಟ್ಟು ಯಾಕ ತಗದ್ರಿ? ಇನ್ನಷ್ಟು ತೆರೀಬೇಕಿತ್ತು."

ಒಂದು ಗಂಟೆ ಜಗಳವಾಯಿತು. ಅಷ್ಟೂ ಹೊತ್ತು ನಮಗೆ ಚಹಾ ಬಗ್ಗಿಸಿ ಕೊಡುತ್ತಿದ್ದವರು ಅಪ್ಪನೇ. ಕೊನೆಗೆ ಅವರು ಕನ್ನಡಕ ಹಾಕಿಕೊಂಡು, ಚಿತ್ರವನ್ನು ಮಗುಚಿ ನೋಡಿದರು.

"ನನ್ನ ಬನಿಯನಿನ ತೂತು ಲಾಯ್ಕ ಬಂದಿದೆ ಮಾರಾಯ," ಎಂದರು.

ಗುಮಾಸ್ತರು ಮುಂಬದಿ ನೋಡಿದ್ದು ಆಗಲೇ. ತೂತಿನ ಅಂಚಿನ ಒಂದೊಂದು ಎಳೆಯನ್ನೂ ಎಣಿಸುವಂತಿತ್ತು.

"ಲೆನ್ಸ್ ಭಾರಿ ಐತಿ ಬಿಡ್ರಿ," ಎಂದು ಒಪ್ಪಿಕೊಂಡರು.

ನಾನು ಬೀಗಿದೆ. ಸಂಬಳ ಬಂದೊಡನೆ ಫೋರ್ಟ್ ಪೇಟೆಗೆ ಹೋಗಿ ಬೆಳಕು ಅಳೆಯುವ ಮೀಟರ್ ಕೊಂಡು ತಂದೆ. ಅದರ ಡಬ್ಬವನ್ನು ಜೋಪಾನವಾಗಿ ಬಿಚ್ಚಿಕೊಟ್ಟವರು ಅಪ್ಪ, ಅದೇ ಬನಿಯನಿನಲ್ಲಿ.