ಅತ್ತೆ ಅಳೆದ ಕಾಲು

ಜ್ವರ ಮೂರು ದಿನಕ್ಕೆ ಇಳಿಯಿತು. ಸುಸ್ತು ಇಳಿಯಲಿಲ್ಲ.

ಮುಂಬೈಯ ಭಾಂಡುಪ್‌ನ ಚಾಳಿನಲ್ಲಿ ಬ್ಲೌಸ್ ಹೊಲಿಯುವವಳು ನಾನು. ದಿನಕ್ಕೆ ಐದು ಹೊಲಿಯುತ್ತಿದ್ದ ಕೈ, ಸೂಜಿಗೆ ದಾರ ಪೋಣಿಸುವಷ್ಟರಲ್ಲೇ ಸೋಲತೊಡಗಿತು. ಕೀಲುಗಳಲ್ಲಿ ನೋವು. ನಿದ್ದೆ ಮಾಡಿ ಎದ್ದರೂ ದಣಿವು. ಎಂಟು ತಿಂಗಳು ಹೀಗೇ. ಕ್ಲಿನಿಕ್ಕಿನ ಡಾಕ್ಟರು ಟೆನ್ಷನ್ ಎಂದು ಟಾನಿಕ್ ಬರೆದರು.

ಹಗಲು ಮಲಗುವ ಸೊಸೆಯನ್ನು ಅತ್ತೆ ಏನಂದಾರು ಎಂಬ ಭಯ ನನಗೆ. ವಿಜಯಪುರದ ಕಡೆಯಿಂದ ಬಂದು, ಈ ಊರಿನಲ್ಲಿ ಇಟ್ಟಿಗೆ ಹೊತ್ತು ಒಬ್ಬರೇ ಮಗನನ್ನು ಬೆಳೆಸಿದವರು ಅವರು. ಆದರೆ ಸಂಜೆ ನನ್ನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದರು.

ಒಂದು ಸಂಜೆ ಅವರ ಕೈ ನಿಂತಿತು.

"ಸುವರ್ಣಾ, ಎಡಗಾಲು ಯಾಕ ಇಷ್ಟ ಬಿಸಿ ಐತಿ?"

ನನ್ನ ಟೇಪು ತಂದು ಎರಡೂ ಮೀನಖಂಡ ಅಳೆದರು. ಓದು ಬಾರದವರು; ಟೇಪಿನ ಮೇಲೆ ಉಗುರು ಒತ್ತಿ ತೋರಿಸಿದರು. ಎರಡು ಬೆರಳು ವ್ಯತ್ಯಾಸ. ನಾಳೆ ನೋಡೋಣ ಎಂದೆ. "ನಾಳಿ ಗೀಳಿ ಬ್ಯಾಡ, ಏಳ" ಎಂದು ರಿಕ್ಷಾ ಕರೆದರು.

ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿದ್ದ ಡಾಕ್ಟರು ಸ್ನಾಯು ಸೆಳೆತವಿರಬೇಕು, ಬೆಳಿಗ್ಗೆ ಬನ್ನಿ ಎಂದರು. ಅತ್ತೆ ಅವರ ದಾರಿಗೆ ಅಡ್ಡ ನಿಂತರು.

"ಏ ಪೈರ್ ದೇಖೋ, ಓ ಪೈರ್ ದೇಖೋ. ಮೇರಾ ಬಹೂ ಐಸಾ ಸೋನೇವಾಲಾ ನಹೀ!"

ಈ ಕಾಲು ನೋಡಿ, ಆ ಕಾಲು ನೋಡಿ, ಸುಮ್ಮಸುಮ್ಮನೆ ಮಲಗುವ ಸೊಸೆಯಲ್ಲ ನನ್ನವಳು ಎಂದು ಅವರು ಹೇಳಹೊರಟಿದ್ದು. ಹಿಂದಿ ಪೂರಾ ತಪ್ಪು. ಡಾಕ್ಟರಿಗೆ ಪೂರಾ ಅರ್ಥವಾಯಿತು. ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್ ಬರೆದರು.

ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ಗೋರೆಗಾಂವ್‌ನ ಕಟ್ಟಡದ ಸೈಟಿನಿಂದ ಗಂಡ ಓಡಿ ಬರುವಷ್ಟರಲ್ಲಿ ನನಗೆ ಇಂಜೆಕ್ಷನ್ ಶುರುವಾಗಿತ್ತು. ಆಮೇಲೆ ಟೆಸ್ಟುಗಳ ಮೇಲೆ ಟೆಸ್ಟು. ಮೈಯೊಳಗೆ ಬಹಳ ದಿನದಿಂದ ಉರಿಯೂತವಿದೆ, ಕೀಲುನೋವು, ಸುಸ್ತು ಎಲ್ಲ ಅದರದೇ, ಇಂಥ ಕಾಯಿಲೆಯಲ್ಲಿ ಕೆಲವರಿಗೆ ರಕ್ತ ಬೇಗ ಹೆಪ್ಪುಗಟ್ಟುತ್ತದೆ ಎಂದು ದೊಡ್ಡ ಡಾಕ್ಟರು ಬಿಡಿಸಿ ಹೇಳಿದರು. ತಡವಾಗಿದ್ದರೆ ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಬಹುದಿತ್ತಂತೆ. ಕಾಲಿನ ಊತ ಮೊದಲು ಗಮನಿಸಿದ್ದು ಯಾರು ಎಂದು ಕೇಳಿದರು. ಅತ್ತೆಯ ಕಡೆ ಕೈ ತೋರಿಸಿದೆ. ಅವರು ಸೆರಗು ಸರಿಮಾಡಿಕೊಂಡು ಕಿಟಕಿ ನೋಡತೊಡಗಿದರು.

ಎಂಟು ತಿಂಗಳು ನಾನೇ ನನ್ನನ್ನು ಸೋಮಾರಿ ಎಂದುಕೊಂಡಿದ್ದೆ. ಅವರು ಒಂದು ದಿನವೂ ಹಾಗೆ ಅಂದುಕೊಂಡಿರಲಿಲ್ಲ.

ಸುಸ್ತು ಪೂರ್ತಿ ಹೋಗುತ್ತದೆಂದು ಯಾರೂ ಮಾತು ಕೊಟ್ಟಿಲ್ಲ. ರಕ್ತ ತೆಳುವಾಗಿಸುವ ಗುಳಿಗೆ ನಡೆದಿದೆ. ಸೂಜಿ ಚುಚ್ಚಿದರೆ ರಕ್ತ ನಿಲ್ಲಲು ಹೊತ್ತಾಗುತ್ತದೆ. ದಿನಕ್ಕೆ ಒಂದು ಬ್ಲೌಸ್, ಅಷ್ಟೇ.

ಮೊನ್ನೆ ಮಧ್ಯಾಹ್ನ ಮಲಗಿದ್ದೆ. ಯಾರೋ ಬಾಗಿಲಿಗೆ ಬಂದು ಬ್ಲೌಸ್ ಅರ್ಜೆಂಟ್ ಎಂದರು. ಏಳಲು ಹೋದೆ.

"ಮಲಗ್ಯಾಳ್ರಿ. ಎಬ್ಬಸಂಗಿಲ್ಲ" ಎಂದರು ಅತ್ತೆ.

ಮತ್ತೆ ದಿಂಬಿಗೆ ತಲೆಯಿಟ್ಟೆ. ನಾಚಿಕೆಯಾಗಲಿಲ್ಲ.