ನೀಲಿ ಶೀಶೆ, ಹಳದಿ ಶೀಶೆ

ಈಗ ಮನೆಗೇ ಡಿಎನ್ಎ ಕಿಟ್ ಬರುತ್ತದೆ. ಮಗುವಿನ ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿ ಕೊರಿಯರ್‌ನಲ್ಲಿ ಕಳಿಸಿದರೆ ತಂದೆ ಯಾರೆಂದು ಹೇಳುತ್ತಾರಂತೆ. ಅದರ ಜಾಹೀರಾತು ಕಂಡಾಗಲೆಲ್ಲ ನಾನು ಪುಟ ಮಗುಚಿಬಿಡುತ್ತೇನೆ. ಎಂಬತ್ತರ ದಶಕದ ಕೊನೆಯಲ್ಲಿ, ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನ ಊಟದ ಮೇಜೊಂದರ ಮೇಲೆ ಅಂಥದೇ ಪರೀಕ್ಷೆ ನಡೆದದ್ದನ್ನು ನಾನು ನೋಡಿದ್ದೇನೆ. ಆಗ ಡಿಎನ್ಎ ನಮ್ಮ ಪಠ್ಯಪುಸ್ತಕದಲ್ಲಷ್ಟೇ ಇತ್ತು. ಮೇಜಿನ ಮೇಲಿದ್ದದ್ದು ರಕ್ತದ ಗುಂಪು ನೋಡುವ ಎರಡು ಪುಟ್ಟ ಶೀಶೆ.

ನಾನು ಆಗ ಬಿಎಸ್ಸಿ ಮುಗಿಸಿ ಕೆಲಸ ಹುಡುಕುತ್ತಿದ್ದ ಹುಡುಗಿ. ನಮ್ಮಪ್ಪ ಉಡುಪಿ ಕಡೆಯವರು, ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಮ್ಯಾನೇಜರ್. ಎದುರು ಮನೆಯಲ್ಲಿ ಮೈಸೂರಿನ ಸಂಸಾರವಿತ್ತು. ಬಾಂದ್ರಾದ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ, ಅವಳ ಗಂಡನನ್ನು ಭಾವ ಎನ್ನುತ್ತಿದ್ದೆ. ಜೊತೆಗೆ ಭಾವನ ತಾಯಿ, ನಮಗೆಲ್ಲ ಅಜ್ಜಿ. ಆಗಷ್ಟೇ ಗೋಡೆ ಹಿಡಿದು ನಿಲ್ಲಲು ಕಲಿತಿದ್ದ ಗಂಡುಮಗು. ಮಗುವಿನ ಕಣ್ಣು ತಿಳಿ ಜೇನಿನ ಬಣ್ಣದ್ದು. ಆ ಮನೆಯಲ್ಲಿ ಇನ್ಯಾರಿಗೂ ಅಂಥ ಕಣ್ಣಿರಲಿಲ್ಲ. ಕೆಳಗಿನ ಮನೆಯ ಮರಾಠಿ ಹೆಂಗಸು ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ, "ಕಾಯ್ ಘಾರೇ ಡೋಳೆ! ಕುಣಾಚೇ ಘೇತ್ಲೇಸ್ ರೇ?" ಎಂದು ಮಗುವಿನ ಗಲ್ಲ ಹಿಂಡುತ್ತಿದ್ದಳು. ಇಂಥ ಬೆಕ್ಕಿನ ಕಣ್ಣು ಯಾರದು ತಗೊಂಡೆಯೋ ಎಂಬ ತಮಾಷೆ. ಭಾವ ನಗುತ್ತಿದ್ದರು. ಪ್ರತಿ ಸಲವೂ ನಗುತ್ತಿದ್ದರು.

ಭಾವ ಪರೇಲ್‌ನ ಕಂಪನಿಯೊಂದರ ಪರವಾಗಿ ಲ್ಯಾಬುಗಳಿಗೆ ಪರೀಕ್ಷೆಯ ಔಷಧಿಗಳನ್ನು ಮಾರುತ್ತಿದ್ದರು. ಸ್ಯಾಂಪಲ್ ಶೀಶೆಗಳು ತಣ್ಣಗಿರಬೇಕೆಂದು ಮನೆಯ ಫ್ರಿಜ್ಜಿನಲ್ಲಿ ಇಡುತ್ತಿದ್ದರು. ನೀಲಿ ಔಷಧಿಯ ಹನಿಗೆ ಬೆರೆಸಿದಾಗ ರಕ್ತ ಒಡೆದ ಹಾಲಿನಂತೆ ತರಿತರಿಯಾದರೆ ಗುಂಪು ಎ. ಹಳದಿಯಲ್ಲಿ ತರಿಯಾದರೆ ಬಿ. ಎರಡರಲ್ಲೂ ಆದರೆ ಎಬಿ. ಎರಡರಲ್ಲೂ ನೀರಾಗಿಯೇ ಉಳಿದರೆ ಒ. ಒಂದು ಭಾನುವಾರ ಅವರು ಬಿಲ್ಡಿಂಗಿನ ಅರ್ಧ ಜನರ ಬೆರಳು ಚುಚ್ಚಿ ಗುಂಪು ಹೇಳಿದರು. ನನ್ನದು ಬಿ ಎಂದು ಗೊತ್ತಾದದ್ದು ಅಂದೇ. ಅಕ್ಕನದು ಎ. ಭಾವ ವರ್ಷ ವರ್ಷ ರಕ್ತದಾನ ಮಾಡುವವರು, ತಮ್ಮದು ಎಬಿ ಎಂದು ಹೆಮ್ಮೆ.

"ಮೊಸರಿನ ಪಕ್ಕದಲ್ಲಿ ರಕ್ತದ ಸಾಮಾನು ತಂದಿಡ್ತೀಯಲ್ಲೋ," ಎಂದು ಅಜ್ಜಿ ಅಂದು ಕೂಗಾಡಿದ್ದರು. "ದೇವರಿಗೆ ಇದೇ ಫ್ರಿಜ್ಜಿನ ಹಾಲಲ್ವೇನೋ ನೈವೇದ್ಯ?"

"ಅದರಲ್ಲಿ ರಕ್ತ ಇಲ್ಲಮ್ಮ, ಬರೀ ಔಷಧಿ."

"ರಕ್ತ ಮುಟ್ಟೋ ಔಷಧಿ ತಾನೆ?"

"ಹಾಗಾದ್ರೆ ನಾನೂ ಮುಟ್ತೀನಿ. ನನ್ನನ್ನೂ ಫ್ರಿಜ್ಜಿಂದ ಆಚೆ ಇಡು," ಎಂದು ಭಾವ ನಗಿಸಿ ಮಾತು ಮುಗಿಸಿದ್ದರು.

ಮುಂದಿನ ಭಾನುವಾರ ಮಧ್ಯಾಹ್ನ. ಮೇ ತಿಂಗಳ ಬೆವರು. ಹೆರಿಗೆಗೆ ಹಾಕಿ ಮುಂದುವರಿಸಿದ್ದ ಅಕ್ಕನ ರಜೆ ಮುಗಿಯುತ್ತಿತ್ತು. ಮಗುವನ್ನು ಬಿಡಬೇಕಾಗಿದ್ದ ಬೇಬಿ ಸಿಟ್ಟಿಂಗಿನವರು ರಕ್ತದ ಗುಂಪು ಕೇಳಿದ್ದರು. "ಹೊರಗೆ ಯಾಕೆ, ಮನೇಲೇ ಲ್ಯಾಬ್ ಇದೆಯಲ್ಲ," ಎಂದು ಭಾವ ಮೇಜಿನ ಮೇಲೆ ಗಾಜಿನ ಪಟ್ಟಿ ಹರಡಿದರು. ನಾನು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೈ ಹಿಡಿದೆ. ಚುಚ್ಚಿದ್ದಕ್ಕೆ ಒಮ್ಮೆ ಕಿರುಚಿ, ಅಕ್ಕ ಕೊಟ್ಟ ಬಿಸ್ಕತ್ತಿಗೆ ಸುಮ್ಮನಾಯಿತು.

ನೀಲಿಯಲ್ಲಿ ತರಿಯಾಗಲಿಲ್ಲ. ಹಳದಿಯಲ್ಲೂ ಇಲ್ಲ. ಭಾವ ಪಟ್ಟಿಯನ್ನು ಅತ್ತಿತ್ತ ಓಲಾಡಿಸಿದರು. ಕಿಟಕಿಯ ಬೆಳಕಿಗೆ ಹಿಡಿದರು. ಇನ್ನೊಂದು ಬೆರಳು ಚುಚ್ಚಿ ಮತ್ತೆ ಮಾಡಿದರು. ಮತ್ತೆ ಹಾಗೆಯೇ.

"ಏನ್ರೀ ಬಂತು?" ಅಕ್ಕ ಅಡುಗೆಮನೆಯಿಂದ ಕೇಳಿದಳು.

"ಒ."

"ಸರಿ, ಒ ಅಂತ ಹೇಳಿಬಿಡೋಣ."

ಏನಾಗಿದೆ ಎಂದು ನನಗೆ ಗೊತ್ತಾಗಿತ್ತು. ಎಬಿ ತಂದೆ ಮಗುವಿಗೆ ಎ ಇಲ್ಲವೇ ಬಿ ಕೊಡಲೇಬೇಕು. ಅವನಿಗೆ ಒ ಗುಂಪಿನ ಮಗು ಹುಟ್ಟುವುದಿಲ್ಲ. ಡಾಕ್ಟರುಗಳಿಗೆ ದಿನವೂ ಅದನ್ನೇ ಒಪ್ಪಿಸಿ ಮಾಲು ಮಾರುತ್ತಿದ್ದ ಮನುಷ್ಯ ಅವರು. ಪಟ್ಟಿಯನ್ನು ಮೇಜಿನ ಮೇಲಿಟ್ಟು, ಬೇರೆ ಯಾರದೋ ಮನೆಯ ವಿಷಯ ಹೇಳುವವರಂತೆ ಅಂದರು: "ಈ ಮಗು ನನ್ನದಾಗಿರೋಕೆ ಸಾಧ್ಯ ಇಲ್ಲ."

ಅಕ್ಕ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಏನಂದ್ರಿ?"

"ನಾನು ಅಂತಿಲ್ಲ. ಇದು ಅಂತಿದೆ." ಅವರು ಗಾಜಿನ ಪಟ್ಟಿ ತೋರಿಸಿದರು.

ಅವಳು ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಸೌಟನ್ನು ಮೇಜಿನ ಮೇಲಿಟ್ಟು, ನನ್ನ ತೊಡೆಯಿಂದ ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು. ಚಪ್ಪಲಿಯನ್ನೂ ಹಾಕಿಕೊಳ್ಳಲಿಲ್ಲ. ಕೆಳಗೆ ಹೋಗಿರಬಹುದು ಎಂದುಕೊಂಡು ನಾನು ಮೆಟ್ಟಿಲ ಹತ್ತಿರ ಬಂದಾಗ ಮೇಲಿನಿಂದ ಟೆರೇಸಿನ ಕಬ್ಬಿಣದ ಬಾಗಿಲು ಕಿರುಗುಟ್ಟಿದ್ದು ಕೇಳಿಸಿತು.

ನಮ್ಮ ಟೆರೇಸಿನ ಅಂಚಿನ ಗೋಡೆ ಮೊಣಕಾಲಿಗಿಂತ ಸ್ವಲ್ಪ ಮೇಲೆ ಬರುತ್ತಿತ್ತು, ಅಷ್ಟೆ. ಅಕ್ಕ ಅದರ ಮೇಲೆ ರಸ್ತೆಗೆ ಬೆನ್ನು ಹಾಕಿ ಕೂತಿದ್ದಳು. ಮಗು ತೊಡೆಯ ಮೇಲೆ. ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಬರಿಗಾಲು ಊರಿದ್ದಳು. ಸುಡುತ್ತಿದೆ ಎನ್ನುವುದೂ ಅವಳಿಗೆ ಗೊತ್ತಾದಂತಿರಲಿಲ್ಲ.

"ಅಕ್ಕ, ಎಂತ ಮಾಡ್ತಿದ್ದೀರಿ ಅಲ್ಲಿ? ಇಳೀರಿ ಮಾರಾಯ್ರೆ."

ಅವಳು ಏನೋ ಹೇಳಿದಳು. ಅದೇ ಹೊತ್ತಿಗೆ ವಿಮಾನ ಬಂತು. ಪಾರ್ಲೆಯಲ್ಲಿ ವಿಮಾನಗಳು ತಲೆ ಸವರಿಕೊಂಡು ಹೋಗುವಷ್ಟು ಕೆಳಗೆ ಇಳಿಯುತ್ತವೆ. ಬಾಯಿ ಅಲ್ಲಾಡುವುದು ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ವಿಮಾನವೆಂದರೆ ಆ ಮಗುವಿಗೆ ಪ್ರಾಣ. ಸದ್ದು ಅವಳ ಬೆನ್ನ ಹಿಂದಿನಿಂದ ಬರುತ್ತಿತ್ತು. ಮಗು ಅದನ್ನು ನೋಡಲು ತೊಡೆಯ ಮೇಲೆ ಎದ್ದು ನಿಂತಿತು. ತಾಯಿಯ ಹೆಗಲ ಮೇಲೆ ಎರಡೂ ಕೈ ಊರಿ, ಅವಳನ್ನು ಹಿಂದಕ್ಕೆ ತಳ್ಳುತ್ತ ಆಚೆಗೆ ಬಾಗಿತು. ಅಕ್ಕನ ಪಾದ ನೆಲ ಬಿಟ್ಟಿತು.

ನಾನು ಓಡಿದ್ದು ನೆನಪಿಲ್ಲ. ಅವಳ ಸೊಂಟದ ಹತ್ತಿರ ಸೀರೆಯ ನೆರಿಗೆಯನ್ನು ಮುಷ್ಟಿಯಲ್ಲಿ ಹಿಡಿದದ್ದು, ಇನ್ನೊಂದು ಕೈಗೆ ಮಗುವಿನ ಅಂಗಿ ಸಿಕ್ಕಿದ್ದು, ಆ ತೆಳು ಬಟ್ಟೆಯ ಹೊಲಿಗೆ ಪರ್ರೆಂದು ಬಿಚ್ಚಿಕೊಂಡದ್ದು ನೆನಪಿದೆ. ಮೂವರೂ ಒಳಗಡೆಗೆ ಬಿದ್ದೆವು. ನನ್ನ ಮೊಣಕೈ ತರಚಿತು. ವಿಮಾನ ಹೋಗಿಯಾಗಿತ್ತು. ಮಗು ಆಕಾಶ ನೋಡಿ ಚಪ್ಪಾಳೆ ತಟ್ಟುತ್ತಿತ್ತು.

"ವಿಮಾನ ತೋರಿಸೋಕೆ ಬಂದಿದ್ದೆ ಕಣೆ," ಎಂದಳು ಅಕ್ಕ. "ಅಷ್ಟೇನೆ."

ಅಷ್ಟೇ ಇರಬಹುದು. ಇಷ್ಟು ವರ್ಷಗಳ ಮೇಲೂ ಆ ಪಾದ ನೆಲ ಬಿಟ್ಟದ್ದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಮಗು ತಳ್ಳಿದ್ದರಿಂದ ಎದ್ದಿತೋ, ಅವಳೇ ಎತ್ತಿದಳೋ ಹೇಳಲಾರೆ. ಕೆಲವು ಸಲ ಕನಸಿನಲ್ಲಿ ಆ ಹೊಲಿಗೆ ಪೂರ್ತಿ ಬಿಚ್ಚಿಹೋಗುತ್ತದೆ.

ಮೆಟ್ಟಿಲು ಇಳಿಯುವಾಗ ಅವಳು ನನ್ನ ತೋಳು ಬಿಡಲಿಲ್ಲ. ಮನೆಯ ಬಾಗಿಲ ಹೊರಗೇ ನಿಂತಳು. ಅಜ್ಜಿ ಮೂಲೆಯಲ್ಲಿ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದರು. ಭಾವ ಮೇಜಿನ ಮುಂದೆ ಹಾಗೆಯೇ ಇದ್ದರು. ಮೇಲೆ ಏನಾಯಿತೆಂದು ಅವರಿಗೆ ತಿಳಿದಿರಲಿಲ್ಲ. ಕಾಲೇಜಿನ ಪ್ರಾಕ್ಟಿಕಲ್ಲಿನ ಒಂದು ಅಭ್ಯಾಸ ಮಾತ್ರ ನನ್ನ ತಲೆಗೆ ಬಂತು: ಗೊತ್ತಿಲ್ಲದ್ದನ್ನು ಪರೀಕ್ಷಿಸುವ ಮೊದಲು ಗೊತ್ತಿರುವುದನ್ನು ಹಾಕಿ ನೋಡುವುದು.

"ಭಾವ, ನನ್ನ ರಕ್ತ ಹಾಕಿ ನೋಡಿ."

"ಯಾಕಮ್ಮ? ಹೋದ ಭಾನುವಾರ ನೋಡಿದ್ನಲ್ಲ, ನಿಂದು ಬಿ."

"ಅದಕ್ಕೇ. ಹಾಕಿ."

ಅವರು ಕದಲದಿರುವುದನ್ನು ಕಂಡು ನಾನೇ ಸೂಜಿ ತೆಗೆದುಕೊಂಡು ಚುಚ್ಚಿಕೊಂಡೆ. ಹಳದಿ ಹನಿಗೆ ಬೆರೆಸಿದೆ. ತರಿಯಾಗಲೇ ಇಲ್ಲ. ನೀರಾಗಿ ಹರಡಿತು. ಭಾವ ಕುರ್ಚಿಯಿಂದ ಎದ್ದರು. ತಮ್ಮ ಬೆರಳನ್ನೇ ಚುಚ್ಚಿ ಎರಡೂ ಶೀಶೆಯಲ್ಲಿ ನೋಡಿದರು. ಎರಡರಲ್ಲೂ ಏನೂ ಇಲ್ಲ.

"ಈಗ ನೀವೂ ಒ, ನಾನೂ ಒ," ಎಂದೆ.

ಅವರು ಶೀಶೆಗಳನ್ನು ಬೆಳಕಿಗೆ ಎತ್ತಿದರು. ಒಳಗಿನ ಔಷಧಿ ಕದಡಿದಂತಿತ್ತು. "ಯಾರಾದ್ರೂ ಇದನ್ನ ಫ್ರಿಜ್ಜಿಂದ ತೆಗೆದ್ರಾ?"

ಅಜ್ಜಿ ಸೆರಗು ಬಾಯಿಂದ ತೆಗೆದರು. "ಕುದಿಸಲಿಲ್ಲ ಕಣೋ. ಮಗು ಹಾಲಿನ ಬಾಟಲು ಕುದಿಸಿದ ನೀರು ಒಲೆ ಆರಿಸಿದ ಮೇಲೂ ಹಬೆಯಾಡ್ತಿತ್ತು. ಅದರೊಳಗೆ ಸ್ವಲ್ಪ ಹೊತ್ತು ಇಳಿಸಿಟ್ಟೆ. ಮೈಲಿಗೆ ಕಳೀಲಿ ಅಂತ. ಆಮೇಲೆ ಒರೆಸಿ ಅಲ್ಲೇ ಇಟ್ಟೆನಪ್ಪ."

ಯಾರೂ ಅವರನ್ನು ಬೈಯಲಿಲ್ಲ. ಆ ಮನೆಯಲ್ಲಿ ಹೊರಗಿನಿಂದ ಬಂದ ಲೋಟ, ಚಮಚ, ಮಗುವಿನ ಗಿಲಕಿ ಎಲ್ಲವೂ ಅದೇ ಬಿಸಿನೀರಿಗೆ ಇಳಿದು ಶುದ್ಧವಾಗಿ ಮೇಲೆ ಬರುತ್ತಿದ್ದವು. ಆ ಬಿಸಿಗೆ ಔಷಧಿಯ ಜೀವವೇ ಹೋಗುತ್ತದೆಂದು ಅವರಿಗೆ ಹೇಗೆ ತಿಳಿಯಬೇಕು? ಭಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ಬಾಗಿಲಿಗೆ ಬಂದು ಅಕ್ಕನ ಮುಂದೆ ನಿಂತರು.

"ತಪ್ಪಾಯ್ತು. ಔಷಧಿ ಸತ್ತುಹೋಗಿತ್ತು. ನಾಳೇನೇ ಪರೇಲ್‌ಗೆ ಹೋಗೋಣ, ದೊಡ್ಡ ಆಸ್ಪತ್ರೇಲಿ ಸರಿಯಾಗಿ ಮಾಡಿಸಿದ್ರೆ ಎಲ್ಲಾ ಕ್ಲಿಯರ್ ಆಗತ್ತೆ."

"ಏನು ಕ್ಲಿಯರ್ ಆಗ್ಬೇಕು?"

ಕೆಟ್ಟ ಔಷಧಿ ಮಗು ಭಾವನದಲ್ಲವೆಂದೂ ಹೇಳಿರಲಿಲ್ಲ, ಭಾವನದೇ ಎಂದೂ ಹೇಳಿರಲಿಲ್ಲ. ಓದಿದವಳಾಗಿ ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅದಕ್ಕೇ ಪರೇಲ್ ಬೇಕಾಗಿತ್ತು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಮೆಟ್ಟಿಲ ತಮಾಷೆಗೆ ಪ್ರತಿ ಸಲವೂ ನಕ್ಕವರು, ಆ ನಗುವಿನ ಹಿಂದೆ ಏನೆಲ್ಲ ನುಂಗಿದ್ದರೋ.

"ಅಲ್ಲೂ ಒ ಅಂತ ಬಂದ್ರೆ?" ಅಕ್ಕ ಕೇಳಿದಳು.

"ಬರಲ್ಲ. ನಂಗೊತ್ತು ಬರಲ್ಲ."

"ಗೊತ್ತಿದ್ರೆ ಮಗೂನ ಇನ್ನೊಂದು ಸಲ ಯಾಕೆ ಚುಚ್ಚಿಸ್ಬೇಕು?" ಅವಳ ದನಿ ಏರಲಿಲ್ಲ. "ಇನ್ನು ಇವನ ಬೆರಳಿಗೆ ಸೂಜಿ ತರೋ ಹಾಗಿದ್ರೆ ಈಗಲೇ ಹೇಳಿಬಿಡಿ. ನಾನು ಒಳಗೆ ಬರಲ್ಲ."

ಅಜ್ಜಿ, "ಬಾಮ್ಮ ಒಳಗೆ," ಎಂದರು. ಅವಳು ಕದಲಲಿಲ್ಲ. ಭಾವನ ಬಾಯಿಯಿಂದಲೇ ಬರಬೇಕಾಗಿತ್ತು.

ಅವರು ನೆಲ ನೋಡುತ್ತ, "ತರಲ್ಲ," ಎಂದರು.

"ಯಾವತ್ತೂ?"

"ಯಾವತ್ತೂ."

ಅಕ್ಕ ಹೊಸ್ತಿಲು ದಾಟಿ ಮಗುವನ್ನು ಅವರ ಕೈಗೆ ಕೊಟ್ಟಳು. ಭಾವ ಮಗುವಿನ ಕಣ್ಣುಗಳನ್ನು ನೋಡಲಿಲ್ಲ. ಹರಿದ ಅಂಗಿಯ ಮೇಲೆ ಅಂಗೈ ಒತ್ತಿ, ಅವಳನ್ನೇ ನೋಡುತ್ತ ನಿಂತರು. ಅವಳು ಹಾಲು ಬಿಸಿಮಾಡಲು ಒಳಗೆ ಹೋದಳು.